ಹಿಂದಿನ ಸೀಟು

ಗಜೇಂದ್ರಗಡ

ತಮ್ಮ ಕಳಕೇಶನಿಗೆ,

ನಂಬಬಹುದಾದ ಸಣ್ಣ ಎಸ್‌ಯುವಿ ಯಾವುದೆಂದು ಕೇಳಿದ್ದೀಯ. ಊರಿನ ಮನೆಯಂಗಳದಲ್ಲಿ ನಿಂತಿರುವ ನಮ್ಮ ಗಾಡಿಯೇ ಸಾಕು. ಮಲಪ್ರಭೆ ಉಕ್ಕಿದ ದಿನ ನಮ್ಮ ಹೊಲದಲ್ಲಿ ದುಡಿಯುವ, ದಲಿತ ಕೇರಿಯ ಮೈಲಾರಿಯ ಹೆಂಡತಿಯನ್ನು ಮೆಣಸಗಿಯಿಂದ ರೋಣದ ದವಾಖಾನೆಗೆ ನಾನು ಒಯ್ದದ್ದು ಅದರಲ್ಲೇ. ದಾರಿಯಲ್ಲಿ, ಹಿಂದಿನ ಸೀಟಿನಲ್ಲೇ ಹೆರಿಗೆಯಾಯಿತು. ನೀರಿನಲ್ಲಿ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ.

ಸೀಟು ತೊಳೆದು ಗೋಮೂತ್ರ ಚಿಮುಕಿಸಿದ ಮೇಲೂ ಅವ್ವ ಫೋನಿನಲ್ಲಿ, “ಅವರು ಹಡದ ಜಾಗಾದಾಗ ನಾ ಕುಂದ್ರಂಗಿಲ್ಲಪಾ, ಬ್ಯಾರೆ ಗಾಡಿ ತರ್ರಿ” ಎಂದಳು. ಅವಳ ಪಕ್ಕದಲ್ಲಿ ನೀನು ನಕ್ಕದ್ದು ಕೇಳಿಸಿತು.

ಗಾಡಿ ನನ್ನ ಹೆಸರಿನಲ್ಲಿದೆ. ಮಾರಲು ಸಹಿ ಹಾಕುವುದಿಲ್ಲ. ಗುರುವಾರ ಕೂಸಿಗೆ ರೋಣದಲ್ಲಿ ಚುಚ್ಚುಮದ್ದು ಹಾಕಿಸಬೇಕಂತೆ. ನೀನೇ ಓಡಿಸಿಕೊಂಡು ಹೋಗು. ಕೂಸನ್ನು ಎತ್ತಿಕೊಂಡು ತಾಯಿ ನಿನ್ನ ಪಕ್ಕದಲ್ಲಿ ಕೂರಲಿ.

ಅಣ್ಣ,
ಸಿದ್ದಲಿಂಗ