ಗ್ಯಾಂಗ್‌ಟಾಕಿನ ತೀರ್ಥ

ಟಿ. ನಗರ, ಚೆನ್ನೈ

ಪ್ರೀತಿಯ ಮಗಳು ವೃಂದಾಳಿಗೆ,

ಫೋನಿನಲ್ಲಿ ಹೇಳಿದರೆ ನೀನು ಅಪ್ಪನ ಜ್ವರವನ್ನಷ್ಟೇ ಕೇಳಿಸಿಕೊಳ್ಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಈಗ ಗುಣವಾಗಿದೆ.

ಮನೆಯ ಸಾಲಿಗ್ರಾಮಕ್ಕೆ ದಿನದ ಪೂಜೆ ತಪ್ಪಬಾರದೆಂದು ನಿನ್ನ ಅಜ್ಜಿ ಕಂಚಿಯ ಆಚೆ ಹೋದವರಲ್ಲ. ನಾವು ಅದನ್ನು ಬೆಳ್ಳಿ ಡಬ್ಬಿಯಲ್ಲಿಟ್ಟುಕೊಂಡೇ ಗ್ಯಾಂಗ್‌ಟಾಕಿಗೆ ಹೋದೆವು. ಹೋದ ಮರುದಿನವೇ ಅಪ್ಪ ಜ್ವರ ಬಂದು ಮಲಗಿಬಿಟ್ಟರು.

“ಪೂಜೆ ನಿಲ್ಲಬಾರದು ಕಣೇ. ಯಾರಾದ್ರೂ ಆಚಾರ್ರು ಸಿಗ್ತಾರಾ ನೋಡು,” ಅಂದರು.

“ಇಲ್ಲಿ ಯಾವ ಆಚಾರ್ರು? ಮಂತ್ರ ನೀವು ಹೇಳಿ, ನಾನು ಮಾಡ್ತೀನಿ,” ಅಂದೆ.

ಹೆಂಗಸರು ಅದನ್ನು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ, ನಿನಗೂ ಗೊತ್ತು. ಅವರು ಕಿಟಕಿಯಾಚೆಯ ಬೆಟ್ಟ ನೋಡುತ್ತಲೇ ಒಪ್ಪಿದರು.

“ನೀರು ಬೆಚ್ಚಗಿರ್ಲಿ. ದೇವರಿಗೂ ಚಳಿ.”

ಅಭಿಷೇಕ ಮಾಡಿದೆ. ಮದುವೆಯಾದಾಗಿನಿಂದ ತೀರ್ಥಕ್ಕೆ ಅವರ ಮುಂದೆ ಕೈಯೊಡ್ಡಿದವಳು ನಾನು. ಅವತ್ತು ಅವರು ರಜಾಯಿಯೊಳಗಿಂದ ಕೈ ಚಾಚಿದರು.

ಮುಂದಿನ ತಿಂಗಳು ಕಾಶ್ಮೀರಕ್ಕೆ ಹೊರಟಿದ್ದೇವೆ. ಡಬ್ಬಿ ಈಗ ನನ್ನ ಚೀಲದಲ್ಲಿರುತ್ತದೆ. ನೀರು ಕಾಯಿಸಲು ಒಂದು ಪುಟ್ಟ ಕೆಟಲ್ ಕಳಿಸು. ಪ್ರವಾಸದಲ್ಲಿ ಪೂಜೆ ಯಾರು ಮಾಡುತ್ತಾರೆಂದು ನಿನ್ನ ಸೋದರತ್ತೆ ಕೇಳಿದರೆ, ಮಾತು ತೇಲಿಸಬೇಡ. ನನ್ನ ಹೆಸರು ಹೇಳು.

ನಿನ್ನ ಅಮ್ಮ,
ಸುಗುಣಾ