ಖಾನಾಪುರಕ್ಕೆ ಇವತ್ತು ಬಸ್ಸೇ

ರೀ,

ನಾನು, ಅತ್ತಿ ಖಾನಾಪುರಕ್ಕ ಬಸ್ಸಿಗೆ ಹೊಂಟೀವಿ. ನಿಮ್ಮನ್ನ ಎಬ್ಬಸಲಿಲ್ಲ. ಎದ್ದಿದ್ರ ಮತ್ತ ಕಾರಿನ್ಯಾಗ ಹೋಗೂಣು ಅಂತಿದ್ರಿ.

ಹೋದ ರವಿವಾರ ಕಾರ್ ಚಾರ್ಜ್ ಆಗ್ಲಿ ಅಂತ ನಮ್ಮನ್ನ ನಡುದಾರ್ಯಾಗ ಕುಂದ್ರಿಸಿದ್ರಿ. ಮನಿ ಮುಟ್ಟೂದರಾಗ ಹೊತ್ತು ಮುಳುಗಿತ್ತು. ಜೈನರು ಇನ್ನ ಉಣ್ಣಂಗಿಲ್ಲ ಅಂತ ಅತ್ತಿ ಹಸಕೊಂಡ ಮಲಗಿದ್ರು. ನೀವು ಅವರಿಗೆ, “ಹೊಗಿ ಇಲ್ಲ, ಸಪ್ಪಳ ಇಲ್ಲ, ನೋಡವ್ವಾ” ಅಂತ ಹೇಳಾಕತ್ತಿದ್ರಿ.

ಭಕ್ಕರಿ ಡಬ್ಬ್ಯಾಗ ಅದಾವು. ಹೊತ್ತಿದ್ದಾಗ ಉಣ್ರಿ. ಈ ಮನ್ಯಾಗ ರಾತ್ರಿ ಉಣ್ಣೂದು ನಿಮ್ಮ ಕಾರ್ ಒಂದ. ಅದಕ್ಕಂತ ಫ್ರಿಜ್ಜಿನ ಪ್ಲಗ್ ಕೀಳಬ್ಯಾಡ್ರಿ, ನಿನ್ನಿ ಹಾಲು ಒಡದಾವು.

ಸಂಜಿಮುಂದ ಬಸ್ ಸ್ಟ್ಯಾಂಡಿಗೆ ಕಾರ್ ತಗೊಂಡು ಬರ್ರಿ, ಅತ್ತಿಗೆ ಮೊಣಕಾಲು ನೋವದ. ಅವರು ಬಾಗಿಲದಾಗ ನಿಂತು ಹೇಳಾಕತ್ತಾರ: “ಮೊದಲ ಅದಕ್ಕ ಹೊಟ್ಟಿತುಂಬ ಉಣ್ಣಾಕ ಹಾಕಿ, ಆಮ್ಯಾಲ ಕರಕೊಂಡ ಬಾ ಅಂತ ಬರಿ.”

ತ್ರಿಶಲಾ