ಜರಡಿ ದೀಪ

ಮನೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮಿಣುಕೀ,

ಹೇಗಿದ್ದೀಯಮ್ಮ? ಆ ಸೇತುವೆ ಕೆಲಸದ ಧೂಳಿನಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತೋ ಇಲ್ಲವೋ? ಹೆಲ್ಮೆಟ್ಟಿನೊಳಗೆ ಕೂದಲು ಸದಾ ಒದ್ದೆಯಾಗಿರುತ್ತದೆ ಅಂದಿದ್ದೆ, ಒಣಗಿಸಿಕೊಳ್ಳದೆ ಮಲಗಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ನೀನು ಸೇತುವೆ ಕಟ್ಟುವುದು ತಡವಾದರೆ ಜನ ದೋಣಿ ಹತ್ತಿಯಾದರೂ ಆಚೆ ದಡ ಸೇರುತ್ತಾರೆ, ನೀನು ಹಾಸಿಗೆ ಹಿಡಿದರೆ ಅಲ್ಲಿ ಒಂದು ಲೋಟ ಬಿಸಿನೀರು ಕೊಡುವವರು ಯಾರು? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಏಣಿ ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಅಮ್ಮನ ಮೈಗೆ ಏನೂ ತೊಂದರೆಯಿಲ್ಲ, ನನಗಿಂತ ಗಟ್ಟಿಯಾಗಿದ್ದಾಳೆ.

ಫೋನ್ ಇರುವಾಗ ಈ ಮುದುಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳುತ್ತೀಯ. ಫೋನ್ ಹಿಡಿದರೆ ಸಾಕು, ಅವಳು ಬಂದು ಪಕ್ಕದಲ್ಲೇ ಕೂರುತ್ತಾಳೆ. ಅವಳ ಸಂಗತಿಯನ್ನು ಅವಳೆದುರೇ ಹೇಗೆ ಹೇಳಲಿ? "ಎಲ್ಲಾ ಸರಿ ಇದೆ ಪುಟ್ಟಿ" ಎಂದು ಹೇಳಿ ಹೇಳಿ ನನ್ನ ನಾಲಿಗೆಗೇ ನಾಚಿಕೆಯಾಗಿದೆ. ಈಗ ಊಟ ಮುಗಿಸಿ ಮಲಗಿದ್ದಾಳೆ. ನಾನು ಊಟದ ಮೇಜಿನ ಮೇಲೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ತಲೆಯ ಮೇಲೆ ಜರಡಿ ದೀಪ ನೇತಾಡುತ್ತಿದೆ. ಕಳೆದ ವಾರ ನೀನು ಸಿಟ್ಟು ಮಾಡಿಕೊಂಡು, "ಬೇರೆ ಎಲ್ಲಾ ತೆಗ್ದಿದೀಯಲ್ಲ, ಅದೊಂದನ್ನ ಯಾಕಪ್ಪಾ ಬಿಟ್ಟಿದೀಯ? ನಿನಗೆ ಅಮ್ಮ ಮುಖ್ಯಾನೋ ದೀಪ ಮುಖ್ಯಾನೋ?" ಎಂದು ಕೇಳಿದೆಯಲ್ಲ, ನಾನು ಫೋನ್ ಇಟ್ಟೆನಲ್ಲ, ಆವತ್ತಿನ ಉತ್ತರವೇ ಈ ಕಾಗದ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ವಯಸ್ಸಾದವರಿಗೆ ಅಷ್ಟು ಸಲಿಗೆ ಕೊಡು. ನಿನ್ನ ಅಮ್ಮನನ್ನು ಯಾರಾದರೂ ಮನೆ ಅಲಂಕಾರಕ್ಕೆ ಕರೆಸಿದರೆ ಅವಳು ಮೊದಲು ಮಾಡುತ್ತಿದ್ದ ಕೆಲಸ ಅವರ ದೀಪಗಳನ್ನೆಲ್ಲ ಆರಿಸುವುದು. ಮನೆಯವರು ಕಕ್ಕಾಬಿಕ್ಕಿ. ದೊಡ್ಡ ಡಿಸೈನರ್ ಎಂದು ಕರೆಸಿದರೆ ಈಯಮ್ಮ ಕತ್ತಲು ಮಾಡಿಕೊಂಡು ನಮ್ಮ ಸೋಫಾದ ಮೇಲೆ ಕೂತೇಬಿಟ್ಟಳಲ್ಲ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಮೇಲೆ ನಾನು ಏಣಿ ಹತ್ತಿ, ಉದ್ದ ವೈರಿನ ತುದಿಗೆ ಒಂದೇ ಒಂದು ಬಲ್ಬು ಕಟ್ಟಿ, ಅದನ್ನು ಹಿಡಿದು ನಿಲ್ಲಬೇಕು. "ಸ್ವಲ್ಪ ಎಡಕ್ಕೆ. ಕೆಳಗೆ. ಅಯ್ಯೋ ಅಷ್ಟಲ್ಲಾರೀ! ಹಾಂ, ಅಲ್ಲೇ ಇರಿ." ಅವಳು ನೋಡುತ್ತಿದ್ದದ್ದು ನೆರಳನ್ನು. ನೆರಳು ಎಲ್ಲಿ ಬೀಳಬೇಕೆಂದು ಇತ್ಯರ್ಥವಾಗುವವರೆಗೆ ಗೋಡೆಗೆ ಡ್ರಿಲ್ ಮುಟ್ಟಿಸುವ ಹಾಗಿಲ್ಲ, ಕುರ್ಚಿ, ಪರದೆ, ಬಣ್ಣದ ಮಾತು ಎತ್ತುವ ಹಾಗಿಲ್ಲ. "ನೆರಳೂ ಮನೆ ಸಾಮಾನೇ ಕಣ್ರೀ, ಅದಕ್ಕೂ ಒಂದು ಜಾಗ ಮಾಡ್ಕೊಡ್ಬೇಕು" ಎನ್ನುತ್ತಿದ್ದಳು. ನನ್ನ ಕೈ ಜೋಮು ಹಿಡಿದು ಕಳಚಿ ಬೀಳುವಂತಾದರೂ ಆಕೆಗೆ ಪರಿವೆಯಿಲ್ಲ. ನನಗೆ 'ಏಣಿ' ಎಂದು ಹೆಸರು ಬಿದ್ದದ್ದೂ ಆಗಲೇ. "ನಮ್ಮ ಏಣಿ ಎಲ್ಲಿ ಹೋಯ್ತು?" ಎಂದು ಗಿರಾಕಿಗಳ ಎದುರೇ ಕೂಗುತ್ತಿದ್ದಳು. ಒಬ್ಬ ಹಲ್ಲಿನ ಡಾಕ್ಟರು, ಪಾಪ, ನಿಜವಾದ ಏಣಿಯನ್ನೇ ಹೊತ್ತು ತಂದುಕೊಟ್ಟಿದ್ದರು. ಅವಳು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

ಇನ್ನು ನಮ್ಮ ಮನೆಯಂತೂ ಅವಳ ಆಟದ ಬಯಲು. ಹಜಾರದಲ್ಲಿ ಎಲೆಯಾಕಾರದ ತೂತು ಕೊರೆದ ಹಿತ್ತಾಳೆ ದೀಪ, ಸಂಜೆಯಾದರೆ ಗೋಡೆ ತುಂಬ ಮರ ಬೆಳೆಯುತ್ತಿತ್ತು. ಮೆಟ್ಟಿಲುಗಳ ಕೆಳಗೆ ಬೆಳಕಿನ ಪಟ್ಟಿ. ಕೋಣೆಗಳ ನಡುವಿನ ಓಣಿಯಲ್ಲಿ ಕಿಟಕಿಗೆ ಎದುರಾಗಿ ದೊಡ್ಡ ಕನ್ನಡಿ, ಮುಳುಗುವ ಸೂರ್ಯನನ್ನು ಇನ್ನಷ್ಟು ಹೊತ್ತು ಮನೆಯಲ್ಲೇ ಕೂರಿಸಿಕೊಳ್ಳುವುದಕ್ಕೆ. ಸೋಫಾದ ಮುಂದೆ ಅವಳೇ ಆರಿಸಿ ತಂದ ಕಪ್ಪು ಜಮಖಾನ. ಆದರೆ ಇವೆಲ್ಲಕ್ಕೂ ಹಿರಿಯಕ್ಕ ಈ ಜರಡಿ ದೀಪ. ಮದುವೆಯಾದ ಹೊಸದರಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅಲ್ಲಿ ಹಿಟ್ಟು ಜರಡಿ ಹಿಡಿಯುತ್ತಾ ಹಿಡಿಯುತ್ತಾ ಅದನ್ನು ಬಲ್ಬಿಗೆ ಅಡ್ಡ ಹಿಡಿದು ನೋಡಿದಳು, ಕೆಲಸ ಕೆಟ್ಟಿತು. ಆ ರಾತ್ರಿಯಿಂದ ಜರಡಿ ಅಡುಗೆಗೆ ಸಿಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಿನ್ನ ಸೋದರತ್ತೆ ಮೂಗು ಮುರಿದಳು. ಅದಕ್ಕೆ ಹೋಲ್ಡರ್ ಬೆಸೆಯುವಾಗಲೇ ನನ್ನ ಹೆಬ್ಬೆರಳು ಸುಟ್ಟದ್ದು. ಆ ಕಲೆಯನ್ನು ನೀನು ಚಿಕ್ಕವಳಿದ್ದಾಗ 'ಅಪ್ಪನ ಗುಂಡಿ' ಎಂದು ಒತ್ತಿ ಒತ್ತಿ ಆಡುತ್ತಿದ್ದೆ.

ಕಾಯಿಲೆ ಮೊದಲು ಬಂದದ್ದು ಆ ಕನ್ನಡಿಯೊಳಗಿಂದ. ಒಂದು ಸಂಜೆ ಓಣಿಯಿಂದ ಬಂದು, "ಆ ಹೆಂಗಸು ಆಗ್ಲಿಂದ ನಿಂತೇ ಇದಾರೆ, ಕೂತ್ಕೊಳ್ಳಿ ಅಂದ್ರೂ ಕೂರ್ತಿಲ್ಲ. ಒಂದ್ಲೋಟ ಟೀ ಮಾಡ್ಕೊಡ್ಲಾ?" ಎಂದಳು. ನಾನು ತಮಾಷೆ ಎಂದುಕೊಂಡು "ಸಕ್ಕರೆ ಕಡಿಮೆ ಹಾಕು" ಎಂದೆ. ಅವಳು ನಿಜವಾಗಿಯೂ ಟೀ ಮಾಡಿಕೊಂಡು ಹೋಗಿ ಕನ್ನಡಿಯ ಎದುರು ಲೋಟ ಚಾಚಿ ನಿಂತಿದ್ದಳು. ಆಮೇಲೆ ಆ ಹೆಂಗಸನ್ನು ಕಂಡರೆ ಭಯ ಶುರುವಾಯಿತು. ಜಮಖಾನ ಬಾವಿಯಾಯಿತು, ಅದರ ಅಂಚಿನಲ್ಲಿ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಹಿತ್ತಾಳೆ ದೀಪ ಹಾಕಿದರೆ ಮರದಲ್ಲಿ ಯಾರೋ ಕೂತಿದ್ದಾರೆ ಎನ್ನುತ್ತಿದ್ದಳು. ಮೆಟ್ಟಿಲ ಮೇಲಿನ ನೆರಳನ್ನು ಗುಂಡಿ ಎಂದುಕೊಂಡು ದಾಟಲು ಹೋಗಿ ಬಿದ್ದದ್ದು ನಿನಗೂ ಗೊತ್ತು. ನೆರಳಿಗೆ ಜಾಗ ಮಾಡಿಕೊಟ್ಟವಳನ್ನೇ ನೆರಳು ಕಡಿಯಲು ಬಂತಲ್ಲ ಮಗಳೇ, ಇದಕ್ಕೆ ಯಾರ ಹತ್ತಿರ ನ್ಯಾಯ ಕೇಳಲಿ?

ಡಾಕ್ಟರಮ್ಮ ಒಳ್ಳೆಯವರು, ತಾಳ್ಮೆಯಿಂದ ವಿವರಿಸಿದರು. ಮಿದುಳು ಸೋತಾಗ ಕಣ್ಣು ನೋಡಿದ್ದಕ್ಕೆ ಅದು ತಪ್ಪು ಅರ್ಥ ಕೊಡುತ್ತದಂತೆ. ಮನೆಯೆಲ್ಲ ಒಂದೇ ಸಮನಾದ ಬಿಳಿ ಬೆಳಕು ಇರಲಿ, ನೆರಳು ಎಲ್ಲೂ ಬೀಳದಿರಲಿ, ಕನ್ನಡಿ ತೆಗೆಯಿರಿ, ಕಪ್ಪು ಹಾಸು ಬೇಡ ಎಂದರು. ಸರಿ ಎಂದು ಬಂದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವಳು ನಿಂತು ನಿಲ್ಲಿಸಿ ಮಾಡಿಸಿದ ಒಂದೊಂದನ್ನೂ ನಾನೇ ಹಾಕಿದ್ದೆ, ನಾನೇ ಬಿಚ್ಚಿದೆ. ಚಾವಣಿಗೆ ಬಿಳಿ ಪ್ಯಾನೆಲ್ ಲೈಟುಗಳನ್ನು ಬಡಿದೆ. ಎದುರು ಮನೆಯ ಟೈಲರ್ ಇಣುಕಿ ನೋಡಿ, "ಏನ್ ಸ್ವಾಮಿ, ಮನೆ ಒಳ್ಳೇ ಬ್ಯಾಂಕ್ ಥರ ಆಗ್ಹೋಯ್ತಲ್ಲ" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಕೈಯಲ್ಲಿ ಹಿತ್ತಾಳೆ ದೀಪ ಇತ್ತು, ಅದನ್ನು ಹಳೇ ಬಟ್ಟೆಯಲ್ಲಿ ಸುತ್ತುತ್ತಾ ಕೂತೆ.

ಡಾಕ್ಟರಮ್ಮ ಹೇಳಿದ ಹಾಗೆಯೇ ಆಯಿತು. ಭಯ ಹೋಯಿತು. ಹೊಟ್ಟೆ ತುಂಬ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ, ಮನೆ ತುಂಬ ನಿರಾಳವಾಗಿ ಓಡಾಡುತ್ತಾಳೆ. ನೀನು ಫೋನಿನಲ್ಲಿ "ಅಮ್ಮನ ದನಿ ಎಷ್ಟು ಹಗುರವಾಗಿದೆ ಅಪ್ಪಾ" ಎಂದು ಖುಷಿಪಟ್ಟೆ. ನಾನು ನಿನಗೆ ಹೇಳದೆ ಉಳಿಸಿಕೊಂಡದ್ದು ಇಷ್ಟು: ಆ ಬಿಳಿ ಬೆಳಕಿನಲ್ಲಿ ಅವಳಿಗೆ ನಾನು ಯಾರೆಂದು ತಿಳಿಯುವುದಿಲ್ಲ. ಲೈಟ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಎಂದುಕೊಂಡಿದ್ದಾಳೆ. ಏಣಿಯ ಮೇಲೇ ಅಷ್ಟು ದಿನ ಕಂಡಿದ್ದಾಳಲ್ಲ, ಅವಳ ತಪ್ಪೂ ಅಲ್ಲ. ಬೆಳಿಗ್ಗೆ ಅತಿಥಿಗಳ ಲೋಟದಲ್ಲಿ ಟೀ ಕೊಡುತ್ತಾಳೆ. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು, ನಲ್ಲಿಯಲ್ಲೂ ಏನಾದರೂ ಕೆಟ್ಟಿದೆಯೇ ಎಂದು ಕೇಳುತ್ತಾಳೆ. ಮಲಗುವ ಕೋಣೆಗೆ ನಾನು ಹೋಗುವ ಹಾಗಿಲ್ಲ, ಹಜಾರದಲ್ಲಿ ಮಲಗುತ್ತೇನೆ. ಮರ್ಯಾದೆಯಿಂದಲೇ ಮಾತಾಡುತ್ತಾಳೆ. ಆ ಮರ್ಯಾದೆಯೇ ನನ್ನ ಎದೆಗೆ ಚುಚ್ಚುತ್ತದೆ. ಒಮ್ಮೆಯಾದರೂ ಬೈದಿದ್ದರೆ ನನ್ನವಳೆಂದುಕೊಳ್ಳುತ್ತಿದ್ದೆ.

ಈಗ ಜರಡಿ ದೀಪದ ವಿಷಯ. ಎಲ್ಲವನ್ನೂ ಬಿಚ್ಚುತ್ತಾ ಬಂದವನು ಇದರ ಹತ್ತಿರ ಬಂದಾಗ ಬೆನ್ನು ಹಿಡಿದುಕೊಂಡಿತು, ನಾಳೆ ನೋಡೋಣ ಎಂದು ಬಿಟ್ಟೆ. ಆ ಸಂಜೆ ಪ್ಯಾನೆಲ್ಲುಗಳ ವೈರಿಂಗ್ ಕೈಕೊಟ್ಟಿತು. ಬೇರೆ ದಾರಿಯಿಲ್ಲದೆ ಇದನ್ನು ಹಾಕಿದೆ. ಮೇಜಿನ ಆಚೆ ಬದಿಯಲ್ಲಿ ಕೂತಿದ್ದವಳು ನನ್ನನ್ನೇ ನೋಡಿದಳು, ಆಮೇಲೆ ನನ್ನ ಕೈ ಎಳೆದುಕೊಂಡು ಹೆಬ್ಬೆರಳಿನ ಕಲೆಯ ಮೇಲೆ ಉಫ್ ಉಫ್ ಎಂದು ಊದಿದಳು. "ಉರೀತಿದ್ಯಾ ಏಣಿ? ನಿಧಾನಕ್ಕೆ ಮಾಡ್ಬಾರ್ದಾ, ಯಾರ್ ಅಟ್ಟಿಸ್ಕೊಂಡ್ ಬಂದಿದ್ರು?" ಎಂದಳು. ಮಿಣುಕೀ, ನಾನು ಅಲ್ಲೇ ಅತ್ತುಬಿಟ್ಟೆ. ಜರಡಿಯ ಚುಕ್ಕಿ ಬೆಳಕು ಮುಖದ ಮೇಲೆ ಬಿದ್ದಾಗ ನನ್ನ ಸುಕ್ಕು ಮುಚ್ಚಿಹೋಗಿ ಆ ಬಾಡಿಗೆ ಕೋಣೆಯ ಹುಡುಗ ಕಾಣುತ್ತಾನೋ ಏನೋ. ಅವನ ಗುರುತು ಅವಳಿಗಿದೆ. ಈ ಬಿಳಿ ಬೆಳಕಿನ ಮುದುಕನನ್ನು ಅವಳು ಯಾವತ್ತೂ ನೋಡಿಯೇ ಇಲ್ಲ. ಅಂದಿನಿಂದ ದಿನಾ ಸಂಜೆ ಪ್ಯಾನೆಲ್ಲುಗಳನ್ನು ಆರಿಸಿ ಸ್ವಲ್ಪ ಹೊತ್ತು ಇದನ್ನು ಹಾಕುತ್ತಿದ್ದೆ. ಕೆಲವು ದಿನ ಏಣಿ ಎನ್ನುತ್ತಿದ್ದಳು, ಕೆಲವು ದಿನ ಸುಮ್ಮನೆ ಕೈ ಹಿಡಿದುಕೊಂಡು ಕೂರುತ್ತಿದ್ದಳು. ಆ ಸ್ವಲ್ಪ ಹೊತ್ತಿಗಾಗಿ ಉಳಿದ ದಿನವನ್ನೆಲ್ಲ ಎಲೆಕ್ಟ್ರಿಷಿಯನ್ ಆಗಿ ಕಳೆಯುತ್ತಿದ್ದೆ. ಈಗ ಹೇಳು, ನನಗೆ ದೀಪ ಮುಖ್ಯಾನೋ ಅಮ್ಮ ಮುಖ್ಯಾನೋ?

ಆದರೆ ನೀನು ಹೇಳಿದ್ದೇ ಸರಿಯಾಯಿತು. ಮೊನ್ನೆ ಸೆಕೆ ಎಂದು ಫ್ಯಾನ್ ಹಾಕಿದ್ದೆ, ಗಾಳಿಗೆ ದೀಪ ತೂಗಾಡಿತು. ಗೋಡೆಯ ಮೇಲಿನ ಚುಕ್ಕಿಗಳೆಲ್ಲ ಹರಿದಾಡತೊಡಗಿದವು. "ಹುಳ, ಹುಳ" ಎಂದು ಚೀರುತ್ತಾ ಅಂಗೈಯಿಂದ ಗೋಡೆ ಬಡಿಯತೊಡಗಿದಳು. ನಾನು ಎದ್ದು ಸ್ವಿಚ್ ಮುಟ್ಟುವಷ್ಟರಲ್ಲಿ ಅಂಗೈ ಒಡೆದು ರಕ್ತ ಬಂದಿತ್ತು. ನಿನ್ನೆ ಫ್ಯಾನ್ ಹಾಕದೆ ಬೆವರಿಕೊಂಡೇ ದೀಪ ಹಾಕಿದೆ, ಆದರೂ ಬ್ಯಾಂಡೇಜು ಕಟ್ಟಿದ ಕೈಯಿಂದಲೇ ಗೋಡೆಗೆ ಹೊಡೆದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೆದರಿಸುವ ಬೆಳಕಿನಲ್ಲಿ ನಾನು ಅವಳ ಗಂಡ, ಹೆದರಿಸದ ಬೆಳಕಿನಲ್ಲಿ ಯಾರೋ. ಈ ಕೈಯಿಂದ ಅಷ್ಟು ಮನೆಗಳಿಗೆ ಬೇಕಾದ ಬೆಳಕು ಕೊಟ್ಟೆ, ನನ್ನವಳಿಗೆ ಬೇಕಾದ ಬೆಳಕನ್ನು ಕೊಡಲು ನನ್ನಿಂದ ಆಗುತ್ತಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುವುದನ್ನು ಈಗ ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಅವಳು ಏಳುವಷ್ಟರಲ್ಲಿ ಏಣಿ ತಂದಿಡುತ್ತೇನೆ, ಸಂಜೆಯೊಳಗೆ ಇಳಿಸುತ್ತೇನೆ. ಸಿಟ್ಟು ಬಿಡು.

ನಿನ್ನ ದನಿ ಕೇಳಿದರೆ ಮಾತ್ರ ಅವಳು ಈಗಲೂ "ಮಿಣುಕಿ" ಎಂದು ಎದ್ದು ಕೂರುತ್ತಾಳೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಹೊರಗೆ ಬಿಸಿಲಿಗೆ ತಲೆ ಒಡ್ಡಬೇಡ, ಮೇಲ್ಗಡೆ ಕೆಲಸ ಮಾಡುವಾಗ ಸೊಂಟದ ಹಗ್ಗ ಎರಡು ಸಲ ಎಳೆದು ನೋಡು. ನೀನು ಕಟ್ಟಿದ್ದು ಗಟ್ಟಿಯಾಗಿ ನಿಲ್ಲಲಿ, ನೀನೂ ನೂರು ಕಾಲ ಗಟ್ಟಿಯಾಗಿರು.

ನಿನ್ನ ಅಪ್ಪ,
ಏಣಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಸಂಜೆ ಜರಡಿ ದೀಪ ಇಳಿಸಿದೆ. ನಾನು ಹತ್ತುವಾಗ ಅವಳೇ ಓಡಿ ಬಂದು ಮೊದಲಿನ ಹಾಗೆ ಏಣಿಯ ಕಾಲು ಹಿಡಿದುಕೊಂಡಳು, "ಹುಷಾರು" ಎಂದಳು. ಗುರುತು ಹಿಡಿದಳೇನೋ ಎಂದು ನನಗೆ ಆಸೆ ಚಿಗುರಿತು. ಇಳಿದು ಬಂದಾಗ ಕೈಮುಗಿದು, "ತುಂಬಾ ಉಪಕಾರ ಆಯ್ತು. ಕತ್ತಲಾಗೋ ಮುಂಚೆ ಮನೆಗೆ ಹೋಗಿ, ನಿಮ್ಮ ಮನೆಯವರು ಕಾಯ್ತಿರ್ತಾರೆ" ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬಾಗಿಲ ಪಕ್ಕದಲ್ಲೇ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿದೆ. ತೆಗೆದು ನೋಡಿ, "ಏನಾದ್ರೂ ಮರೆತು ಹೋದ್ರಾ?" ಎಂದಳು. ಹೌದು ಎಂದು ಒಳಗೆ ಬಂದೆ. ಮಿಣುಕೀ, ರಜೆ ಸಿಗಲಿ ಬಿಡಲಿ, ಬಂದುಬಿಡು. ಏನೂ ತರಬೇಡ. ಬಂದವಳೇ ಅವಳ ಎದುರಿಗೆ ನಿಂತು ನನ್ನನ್ನು ಗಟ್ಟಿಯಾಗಿ "ಅಪ್ಪಾ" ಎಂದು ಕರೆ. ನಿನ್ನ ಗುರುತಿದೆಯಲ್ಲ, ನಿನ್ನ ಮಾತು ನಂಬಿದರೂ ನಂಬಿಯಾಳು. ನಂಬದಿದ್ದರೂ ಕರೆ, ನನಗಾದರೂ ಕೇಳಿಸಲಿ.